ಅಬಕಾರಿ ನಿರೀಕ್ಷಕರಿಗೆ ಆದಾಯದ ಗುರಿ ಬೇಕೇ?

ಕರ್ನಾಟಕದ ಅಬಕಾರಿ ವಲಯ ನಿರೀಕ್ಷಕರು ಎರಡು ಕೆಲಸಗಳಿಗೆ ಉತ್ತರ ಕೊಡಬೇಕು. ತಮ್ಮ ವ್ಯಾಪ್ತಿಯ ಸನ್ನದುದಾರರು (ಪರವಾನಗಿ ಪಡೆದ ಮದ್ಯದಂಗಡಿಯವರು) ತಿಂಗಳಿಗೆ ಎಷ್ಟು ಪೆಟ್ಟಿಗೆ ಮದ್ಯ ಎತ್ತುವಳಿ ಮಾಡಿದರು, ಎಂದರೆ ಸರ್ಕಾರಿ ಡಿಪೊದಿಂದ ಕೊಂಡೊಯ್ದರು, ಎಂಬುದು ಒಂದು. ಕಳ್ಳಭಟ್ಟಿ, ನಕಲಿ ಮದ್ಯ, ಗಡಿಯಾಚೆಯಿಂದ ಕದ್ದು ಬರುವ ಸರಕನ್ನು ತಡೆದರೇ ಎಂಬುದು ಇನ್ನೊಂದು. 2025-26ರ ರಾಜ್ಯ ಬಜೆಟ್ ಅಬಕಾರಿಯಿಂದ 40,000 ಕೋಟಿ ರೂಪಾಯಿ ಆದಾಯದ ಗುರಿ ಇಟ್ಟುಕೊಂಡಿತು. ಇಂಥ ಗುರಿಯ ಒತ್ತಡ ಕೆಳಗಿಳಿಯುತ್ತಾ ಬಂದು ವಲಯ ಕಚೇರಿಯ ಮೇಜನ್ನು ತಲುಪುತ್ತದೆ. ಅದು ಅಲ್ಲಿಯವರೆಗೆ ಬರಬೇಕೇ?

ಪರ

2003ರಲ್ಲಿ ಕರ್ನಾಟಕ ರಾಜ್ಯ ಪಾನೀಯ ನಿಗಮ ಸಗಟು ವ್ಯಾಪಾರವನ್ನು ವಹಿಸಿಕೊಂಡ ಮೇಲೆ ಚಿಲ್ಲರೆ ಅಂಗಡಿಗೆ ಬರುವ ಮದ್ಯವೆಲ್ಲ ನಿಗಮದ ಡಿಪೊ ಹಾದೇ ಬರಬೇಕು. ಆದ್ದರಿಂದ ಎತ್ತುವಳಿಯ ಪಟ್ಟಿ ಬರೀ ಹಣದ ಲೆಕ್ಕವಲ್ಲ, ಊರಿನಲ್ಲಿ ಏನು ನಡೆಯುತ್ತಿದೆ ಎಂಬುದರ ಸುಳಿವೂ ಹೌದು. ಕಾರವಾರದ ಕಡೆ ಕಾರಣವಿಲ್ಲದೆ ಎತ್ತುವಳಿ ಕುಸಿದರೆ, ಜನ ಕುಡಿತ ಬಿಟ್ಟರೆಂದು ಅನುಭವವಿರುವ ನಿರೀಕ್ಷಕರು ಸಂತೋಷಪಟ್ಟು ಕೂರುವುದಿಲ್ಲ. ಮಾಜಾಳಿ ತನಿಖಾ ಠಾಣೆಯನ್ನು ತಪ್ಪಿಸಿ ಗೋವಾದ ಸರಕು ಇಳಿಯುತ್ತಿದೆಯೇ ಎಂದು ಹುಡುಕುತ್ತಾರೆ. ಕಲಬುರಗಿಯ ಕಡೆಯಾದರೆ ಬೆಲ್ಲದ ಕೊಳೆ ತುಂಬಿದ ಕೊಡಗಳನ್ನು ಎಲ್ಲಿ ಹೂತಿಟ್ಟಿದ್ದಾರೆಂದು ನೋಡಬೇಕು, ರಾಯಚೂರಿನ ಕಡೆಯಾದರೆ ಸಿ.ಎಚ್. ಪೌಡರ್ (ಕ್ಲೋರಲ್ ಹೈಡ್ರೇಟ್ ಎಂಬ ಮತ್ತು ಬರಿಸುವ ರಾಸಾಯನಿಕ) ಕಲಸಿದ ಸೇಂದಿಯ ಜಾಡು ಹಿಡಿಯಬೇಕು. ಗುರಿ ಇರುವುದರಿಂದಲೇ ಈ ಹುಡುಕಾಟ ಮುಂದಿನ ವಾರಕ್ಕೆ ಹೋಗುವುದಿಲ್ಲ.

ಈ ಎಚ್ಚರ ತಪ್ಪಿದರೆ ಆಗುವ ಅನಾಹುತವನ್ನು ರಾಜ್ಯ ಕಂಡಿದೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಂದು ಸಾರಾಯಿ ನಿಷೇಧ ಜಾರಿಗೆ ಬಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಭಾಗದಲ್ಲಿ ಮತ್ತೆ ನೂರಕ್ಕೂ ಹೆಚ್ಚು ಮಂದಿ ಜೀವ ಕಳೆದುಕೊಂಡರು. ಇಂಥ ಸಾವುಗಳಿಗೆ ಕಾರಣವಾಗುವ ವಿಷಕಾರಿ ಮೆಥನಾಲಿಗೆ ಬಣ್ಣವಿಲ್ಲ, ಮದ್ಯದಲ್ಲಿ ಬೆರೆತರೆ ಕುಡಿಯುವವನ ನಾಲಿಗೆಗೆ ಗೊತ್ತಾಗುವುದಿಲ್ಲ. ನಿರೀಕ್ಷಕರ ಹೈಡ್ರೋಮೀಟರ್ ಕೂಡ ಅದನ್ನು ಪತ್ತೆ ಮಾಡದು, ಏಕೆಂದರೆ ಅದು ಅಳೆಯುವುದು ಸಾಂದ್ರತೆಯನ್ನು, ಮೆಥನಾಲ್ ಮತ್ತು ಕುಡಿಯುವ ಮದ್ಯದಲ್ಲಿರುವ ಎಥನಾಲ್‌ಗಳ ಸಾಂದ್ರತೆ ಹೆಚ್ಚುಕಡಿಮೆ ಒಂದೇ. ಹೀಗಿರುವಾಗ ಸರಕು ಎಲ್ಲಿಂದ ಬಂತೆಂದು ತಿಳಿದಿರುವುದೇ ಮೊದಲ ರಕ್ಷಣೆ. ಮಾರಾಟದ ಲೆಕ್ಕ ಒಬ್ಬರಿಗೆ, ದಾಳಿಯ ಕೆಲಸ ಇನ್ನೊಬ್ಬರಿಗೆ ಎಂದು ಹಂಚಿದರೆ ಆ ತಿಳಿವಳಿಕೆಯೂ ಹರಿದು ಹಂಚಿಹೋಗುತ್ತದೆ, ಅವಘಡವಾದಾಗ ಒಬ್ಬರು ಇನ್ನೊಬ್ಬರ ಕಡೆ ಕೈತೋರಿಸುತ್ತಾರೆ.

ವಿರೋಧ

ಕಳ್ಳಭಟ್ಟಿ ಮತ್ತು ಗೋವಾದ ಸರಕಿನ ವಿಷಯದಲ್ಲಿ ಮೇಲಿನ ಮಾತು ಸರಿ. ಅಲ್ಲಿ ಅಕ್ರಮ ಹೆಚ್ಚಿದರೆ ಎತ್ತುವಳಿ ಕುಸಿಯುತ್ತದೆ, ಗುರಿಯೂ ಕಾನೂನೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಆದರೆ ಇಂದು ಹಳ್ಳಿಯ ಹೆಂಗಸರನ್ನು ಪ್ರತಿಭಟನೆಗೆ ಬೀದಿಗಿಳಿಸಿರುವ ಅಕ್ರಮ ಬೇರೆಯೇ. ಕಿರಾಣಿ ಅಂಗಡಿಯಲ್ಲಿ, ಚಹಾದ ಗೂಡಂಗಡಿಯಲ್ಲಿ ಬೆಳಗ್ಗೆಯೇ ಸಿಗುವ 90 ಮಿಲಿಲೀಟರ್ ಪ್ಯಾಕೆಟ್ ನಕಲಿಯಲ್ಲ. ಅದರ ಸುಂಕ ಸಂದಾಯವಾಗಿದೆ, ಅದು ಡಿಪೊದಿಂದ ಸನ್ನದಿರುವ ಅಂಗಡಿಗೆ ಬಂದು, ಅಲ್ಲಿಂದ ಬೈಕಿನ ಮೇಲೆ ಹಳ್ಳಿ ಸೇರಿದೆ. ಈ ಅಪರಾಧ ಬೆಳೆದಷ್ಟೂ ಎತ್ತುವಳಿ ಏರುತ್ತದೆ. ಅದನ್ನು ಬೇರುಸಹಿತ ಕಿತ್ತ ನಿರೀಕ್ಷಕರ ವಲಯ ಮುಂದಿನ ತಿಂಗಳ ಪರಿಶೀಲನಾ ಸಭೆಯಲ್ಲಿ ಹಿಂದೆ ಬಿದ್ದ ವಲಯವಾಗಿ ಕಾಣುತ್ತದೆ.

ಕಾನೂನು ಕೂಡ ಇಲ್ಲಿ ಸಡಿಲ. ಒಬ್ಬ ವ್ಯಕ್ತಿ ಪರವಾನಗಿಯಿಲ್ಲದೆ 2.3 ಲೀಟರ್‌ವರೆಗೆ ದೇಶದಲ್ಲಿ ತಯಾರಾದ ಮದ್ಯ ಇಟ್ಟುಕೊಳ್ಳಬಹುದು. ಎಂದರೆ 90 ಮಿಲಿಲೀಟರಿನ 25 ಪ್ಯಾಕೆಟ್. ಅಂಗಡಿಯವನು ಅಷ್ಟನ್ನೇ ಗಲ್ಲಾಪೆಟ್ಟಿಗೆಯ ಕೆಳಗಿಟ್ಟು, ಖಾಲಿಯಾದಂತೆ ಮತ್ತೆ ತರಿಸಿಕೊಳ್ಳುತ್ತಾನೆ. ಮಾರಾಟವನ್ನು ಕಣ್ಣಾರೆ ಹಿಡಿದು ಸಾಬೀತುಪಡಿಸದಿದ್ದರೆ, ಕುಡಿಯಲು ಜಾಗ ಕೊಟ್ಟನೆಂಬ ಸಣ್ಣ ಪ್ರಕರಣ ದಾಖಲಾಗಿ ಅವನು ಜಾಮೀನಿನ ಮೇಲೆ ಅಂಗಡಿಗೆ ಮರಳುತ್ತಾನೆ. ಇದನ್ನು ನಿಲ್ಲಿಸಬೇಕಾದರೆ ಅವನಿಗೆ ಸರಕು ಕೊಟ್ಟ ಸನ್ನದುದಾರನನ್ನು ಮುಟ್ಟಬೇಕು, ಪ್ಯಾಕೆಟ್ಟಿನ ಬ್ಯಾಚ್ ಸಂಖ್ಯೆ ಹಿಡಿದು ಹಿಂದಕ್ಕೆ ಹೋಗಬೇಕು. ಆದರೆ ನಿರೀಕ್ಷಕರ ಗುರಿಯನ್ನು ತಲುಪಿಸಿಕೊಡುವವನು ಅದೇ ಸನ್ನದುದಾರ. ಪ್ರಾಮಾಣಿಕ ಅಧಿಕಾರಿಯನ್ನೂ ಈ ಇಕ್ಕಟ್ಟಿಗೆ ತಳ್ಳುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಅವರು ಕೇಳಿದ್ದು ಸಂಪೂರ್ಣ ಮದ್ಯನಿಷೇಧವನ್ನು. ಅದನ್ನು ಒಪ್ಪದವರೂ ಕೂಲಿಯ ಹಣ ಮನೆ ಮುಟ್ಟುವ ಮೊದಲೇ ಗೂಡಂಗಡಿಯಲ್ಲಿ ಕರಗುತ್ತದೆ ಎಂಬ ಅವರ ಸಂಕಟವನ್ನು ಅಲ್ಲಗಳೆಯಲಾರರು. ಮಾದಕ ಪಾನೀಯಗಳನ್ನು ನಿಷೇಧಿಸಲು ಪ್ರಭುತ್ವ ಪ್ರಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. ಅಷ್ಟು ದೂರ ಹೋಗಲಾಗದ ಸರ್ಕಾರವೂ ತನ್ನ ನಿರೀಕ್ಷಕರನ್ನು ಮಾರಾಟ ಹೆಚ್ಚಿಸುವ ಕೆಲಸದಿಂದ ಬಿಡಿಸಬಲ್ಲದು.

ಒಂದೇ ಅಧಿಕಾರಿಗೆ ಇಡೀ ಚಿತ್ರ ಗೊತ್ತಿರಬೇಕೆಂಬ ವಾದವನ್ನು ಇದಕ್ಕಾಗಿ ಕೈಬಿಡಬೇಕಿಲ್ಲ. ಆದಾಯದ ಹೊಣೆ ನಿಗಮ ಮತ್ತು ಆರ್ಥಿಕ ಇಲಾಖೆಯ ಬಳಿ ಉಳಿಯಲಿ. ಎತ್ತುವಳಿಯ ಪಟ್ಟಿ ಪ್ರತಿ ತಿಂಗಳೂ ನಿರೀಕ್ಷಕರ ಕೈಗೆ ಬರಲಿ, ಆದರೆ ತನಿಖೆಯ ಸುಳಿವಾಗಿ ಮಾತ್ರ: ಒಂದು ಅಂಗಡಿಯ ಎತ್ತುವಳಿ ಇಳಿದಾಗ ಕಾರಣ ಕೇಳುವಂತೆಯೇ, ಸುತ್ತಲಿನ ಹಳ್ಳಿಗಳ ಜನಸಂಖ್ಯೆಗೆ ಹೊಂದದಷ್ಟು ಏರಿದಾಗಲೂ ಪರಿಶೀಲನಾ ಸಭೆಯಲ್ಲಿ ಕಾರಣ ಕೇಳಬೇಕು.