ಮನೆ ಬಾಗಿಲಿಗೆ ಬರುವವಳಿಗೆ ಸಂಬಳ ಕೊಡಿ

ಅಮೆರಿಕಾದ ಆಸ್ಪತ್ರೆ ಅಂದರೆ ನಮ್ಮ ಕಡೆಯವರಿಗೆ ದೊಡ್ಡ ಯಂತ್ರ, ದೊಡ್ಡ ಡಾಕ್ಟರು, ಅದಕ್ಕಿಂತ ದೊಡ್ಡ ಬಿಲ್ಲು. ನಾನಿರುವ ಫ್ರೆಸ್ನೊ ಕಡೆ ಬಂದರೆ ಕಾಣುವುದೇ ಬೇರೆ. ಕ್ಯಾಲಿಫೋರ್ನಿಯಾದ ನಟ್ಟನಡುವಿನ ಈ ಕಣಿವೆಯಲ್ಲಿ ದ್ರಾಕ್ಷಿ, ಬಾದಾಮಿ, ಟೊಮೆಟೊ ಬೆಳೆಯುತ್ತಾರೆ. ದೇಶದ ಅಂಗಡಿಗಳಿಗೆಲ್ಲ ಇಲ್ಲಿಂದ ಲಾರಿಗಟ್ಟಲೆ ಹೋಗುತ್ತದೆ. ಬೆಳೆ ಕೀಳುವವರು ಹೆಚ್ಚಾಗಿ ಮೆಕ್ಸಿಕೊದಿಂದ ಬಂದ ಕೂಲಿಕಾರರು. ಫ್ರೆಸ್ನೊ ಕೌಂಟಿಯಲ್ಲಿ, ಅಂದರೆ ಇಲ್ಲಿನ ಜಿಲ್ಲೆಯಲ್ಲಿ, ಅರ್ಧಕ್ಕಿಂತ ಜಾಸ್ತಿ ಜನ ಲ್ಯಾಟಿನೊಗಳು, ಅಂದರೆ ಮೆಕ್ಸಿಕೊ ಮತ್ತು ಲ್ಯಾಟಿನ್ ಅಮೆರಿಕಾ ಮೂಲದವರು. ಜನಸಂಖ್ಯೆಗೆ ಹೋಲಿಸಿದರೆ ಡಾಕ್ಟರುಗಳು ತೀರಾ ಕಡಿಮೆ ಇರುವ ಸೀಮೆಯೂ ಇದೇ.

ಲ್ಯಾಟಿನೊಗಳ ಆಯಸ್ಸಿನ ಲೆಕ್ಕ ನೋಡಿದರೆ ಆಶ್ಚರ್ಯವಾಗುತ್ತದೆ. ಬಿಳಿಯರಿಗಿಂತ ಇವರ ದುಡಿಮೆ ಕಡಿಮೆ ಹಣದ್ದು. ಇನ್ಶೂರೆನ್ಸ್ ಇಲ್ಲದವರ ಪ್ರಮಾಣ ಎರಡು ಪಟ್ಟಿಗಿಂತ ಹೆಚ್ಚು. ಆದರೂ ಬಿಳಿಯರಿಗಿಂತ ಹೆಚ್ಚು ವರ್ಷ ಬದುಕುತ್ತಾರೆ. ಸಿಗರೇಟು ಸೇದುವವರು ಕಡಿಮೆ, ಮನೆತುಂಬ ಜನ, ಗಟ್ಟಿಮುಟ್ಟಾಗಿರುವವರೇ ವಲಸೆ ಬರುತ್ತಾರೆ ಅಂತ ತಿಳಿದವರು ಕಾರಣ ಕೊಡುತ್ತಾರೆ. 2019ರಲ್ಲಿ ಇವರ ಸರಾಸರಿ ಆಯಸ್ಸು ಸುಮಾರು 82. ಕೋವಿಡ್ ಬಂತು ನೋಡಿ, 2021ರ ಹೊತ್ತಿಗೆ 78ಕ್ಕಿಂತ ಕೆಳಗಿಳಿಯಿತು. ನಮ್ಮಂಥವರು ಲ್ಯಾಪ್‌ಟಾಪ್ ಹಿಡಿದು ಮನೆಯಲ್ಲಿ ಕೂತಿದ್ದೆವು. ಅವರು ಹಣ್ಣು ತುಂಬುವ ಶೆಡ್‌ಗಳಲ್ಲಿ, ಮಾಂಸದ ಕಾರ್ಖಾನೆಗಳಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ರಾತ್ರಿ ಎಂಟು ಹತ್ತು ಜನ ಇರುವ ಮನೆಗೆ ಹೋಗಿ ಮಲಗುತ್ತಿದ್ದರು. ಗಟ್ಟಿ ದೇಹವೂ ಅಂಥ ಕೆಲಸ, ಅಂಥ ಮನೆಯ ಮುಂದೆ ಸೋತಿತು.

ಇಂಥ ಕಡೆ ಆರೋಗ್ಯದ ಅಂತರ ಕಡಿಮೆ ಮಾಡುವವರು ಯಾರು? ನನ್ನ ಕಣ್ಣಿಗೆ ಕಂಡ ಮಟ್ಟಿಗೆ, ಡಾಕ್ಟರಿಗಿಂತ ಮೊದಲು ಪ್ರೊಮೊತೋರಾಗಳು. ಅದೇ ಕೇರಿಯಲ್ಲಿ ಹುಟ್ಟಿ ಬೆಳೆದ, ಅದೇ ಭಾಷೆ ಆಡುವ, ತರಬೇತಿ ಪಡೆದ ಹೆಂಗಸರು. ಲ್ಯಾಟಿನ್ ಅಮೆರಿಕಾದ ಹಳ್ಳಿಗಳಿಂದ ಬಂದ ಪದ್ಧತಿ ಇದು.

ಇಲ್ಲಿ ಭಾನುವಾರ ದೊಡ್ಡ ಸಂತೆ ಸೇರುತ್ತದೆ. ಒಣ ಮೆಣಸಿನಕಾಯಿ, ಹಳೇ ಸ್ಪ್ಯಾನರು, ಮಕ್ಕಳ ಬಟ್ಟೆ ಎಲ್ಲ ಮಾರುತ್ತಾರೆ. ಅವುಗಳ ಮಧ್ಯೆ ಒಂದು ಮಡಚುವ ಮೇಜು, ಬಿಪಿ ನೋಡುವ ಯಂತ್ರ, ಸಕ್ಕರೆ ನೋಡುವ ಪಟ್ಟಿ. ಒಬ್ಬ ಪ್ರೊಮೊತೋರಾ ಕೂತಿದ್ದಳು. ಎದುರಿಗೆ ದ್ರಾಕ್ಷಿ ತೋಟದಲ್ಲಿ ದುಡಿಯುವ ಗಂಡಸು. ನನ್ನ ಜೊತೆಗಿದ್ದ ಗೆಳೆಯನಿಗೆ ಸ್ಪ್ಯಾನಿಷ್ ಬರುತ್ತಿತ್ತು, ಹಾಗಾಗಿ ಮಾತು ನನಗೂ ತಿಳಿಯಿತು. ಅವಳು ಏನು ತಿನ್ನುತ್ತೀಯ ಅಂತ ಶುರು ಮಾಡಲಿಲ್ಲ. ಕೆಲಸಕ್ಕೆ ಎಷ್ಟು ಹೊತ್ತಿಗೆ ಹೊರಡುತ್ತೀಯ, ಅಡುಗೆ ಯಾರು ಮಾಡುತ್ತಾರೆ ಅಂತ ಕೇಳಿದಳು. ಆಮೇಲೆ, ಇನ್ಸುಲಿನ್ ಎಲ್ಲಿಟ್ಟಿರುತ್ತೀಯ ಅಂದಳು. ಗಾಡಿಯಲ್ಲಿ ಅಂದ. ಬೇಸಿಗೆಯಲ್ಲಿ ಫ್ರೆಸ್ನೊ 40 ಡಿಗ್ರಿ ದಾಟುತ್ತದೆ. ನಿಲ್ಲಿಸಿದ ಗಾಡಿಯೊಳಗೆ ಇನ್ನೂ ಜಾಸ್ತಿ. ಆ ಕಾವಿನಲ್ಲಿ ಇನ್ಸುಲಿನ್ ಕೆಡುತ್ತದೆ. ನೀರಿನ ಬಾಟಲಿ ಇಡುವ ಐಸ್ ಡಬ್ಬಿಯಲ್ಲೇ ಇಡು, ಆದರೆ ದಪ್ಪ ಬಟ್ಟೆಯಲ್ಲಿ ಸುತ್ತು, ಐಸ್ ತಾಗಿ ಹೆಪ್ಪುಗಟ್ಟಿದರೂ ಕೆಡುತ್ತದೆ ಅಂತ ಕೈಯಲ್ಲಿ ಸುತ್ತಿ ತೋರಿಸಿದಳು. ಹದಿನೈದು ನಿಮಿಷ ಸಿಗುವ ಡಾಕ್ಟರು ಡೋಸ್ ಏರಿಸಿ ಕಳಿಸುತ್ತಿದ್ದರೇನೋ. ಇವಳಿಗೆ ಗಾಡಿಯ ನೆನಪು ಬಂತು. ಅವಳ ಮನೆಯವರೂ ಹೊಲಕ್ಕೆ ಹೋಗುತ್ತಾರಲ್ಲ, ಅದಕ್ಕೇ.

ಕ್ಯಾಲಿಫೋರ್ನಿಯಾ ಒಂದು ಒಳ್ಳೆಯ ಕೆಲಸ ಮಾಡಿದೆ. ಬಡವರ ಸರ್ಕಾರಿ ಇನ್ಶೂರೆನ್ಸ್ ಮೆಡಿ-ಕ್ಯಾಲ್, 2022ರ ಜುಲೈಯಿಂದ ಇಂಥ ಸಮುದಾಯ ಆರೋಗ್ಯ ಕಾರ್ಯಕರ್ತರ ಸೇವೆಗೂ ದುಡ್ಡು ಕೊಡುತ್ತದೆ. ರಕ್ತ ಪರೀಕ್ಷೆಗೆ, ಎಕ್ಸ್‌ರೇಗೆ ಬಿಲ್ಲು ಹಾಕಿದ ಹಾಗೆ ಇವಳ ಮಾತುಕತೆಗೂ ಬಿಲ್ಲು. ಅವಳ ಕೆಲಸ ಚಿಕಿತ್ಸೆಯ ಒಂದು ಭಾಗ ಅಂತ ಸರ್ಕಾರ ಒಪ್ಪಿಕೊಂಡ ಹಾಗಾಯಿತು, ಅಲ್ವಾ?

ನಮ್ಮಲ್ಲಿ ಇದು ಹೊಸದೇನಲ್ಲ. 2005ರಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಆಶಾ ಕಾರ್ಯಕರ್ತೆಯರು ಬಂದರು. ಸಾವಿರ ಜನಕ್ಕೆ ಒಬ್ಬರು. ಕರ್ನಾಟಕದಲ್ಲೇ ಸುಮಾರು 40,000 ಮಂದಿ ಇದ್ದಾರೆ. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಮಗುವಿಗೆ ಚುಚ್ಚುಮದ್ದು ತಪ್ಪಿದೆ, ಎಲ್ಲ ಅವರಿಗೆ ಗೊತ್ತು. ಊರೂರಿಗೂ ಹೀಗೆ ಲೆಕ್ಕ ಹಾಕಿ ನೇಮಿಸಿದ ಪಡೆ ಅಮೆರಿಕಾದಲ್ಲಿ ಇಲ್ಲ. ಇಲ್ಲಿಯವರು ನಮ್ಮಿಂದ ಕಲಿಯಬೇಕಾದದ್ದು ಇದು: ಸಂತೆಯಲ್ಲಿ ಸಿಕ್ಕವರಿಗೆ ಮಾತ್ರ ಅಲ್ಲ, ಒಂದು ಮನೆಯೂ ಬಿಡದ ಹಾಗೆ ಹೋಗುವುದು.

ಆದರೆ ಆ ಹೆಣ್ಣುಮಕ್ಕಳಿಗೆ ನಾವು ಕೊಡುವುದು ಸಂಬಳವಲ್ಲ, ಗೌರವಧನ. ಮೇಲೆ ಇಂತಿಂಥ ಕೆಲಸಕ್ಕೆ ಇಷ್ಟಿಷ್ಟು ಅಂತ ಪ್ರೋತ್ಸಾಹಧನ, ಅದೂ ತಡವಾಗಿ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕ ಮೇಲೆ ಎದ್ದರು. ಕೋವಿಡ್‌ನಲ್ಲಿ ಮನೆ ಮನೆ ತಿರುಗಿದವರು ಇವರೇ. ನನಗೆ ಇದು ನೋವಿನ ಸಂಗತಿ. ಸೇವೆ ಅಂತ ಹೊಗಳಿ ಕೈ ತೊಳೆದುಕೊಳ್ಳುವ ಅಭ್ಯಾಸ ನಾವು ಬಿಡಬೇಕು.

ಇನ್ನು ಭಾಷೆಯ ವಿಷಯ. 1964ರ ನಾಗರಿಕ ಹಕ್ಕು ಕಾಯ್ದೆಯ ಬಲದಿಂದ, ಸರ್ಕಾರದ ಹಣ ಪಡೆಯುವ ಇಲ್ಲಿನ ಆಸ್ಪತ್ರೆ ರೋಗಿಗೆ ದುಭಾಷಿ ಒದಗಿಸಬೇಕು, ಅದೂ ಪುಕ್ಕಟೆ. ಮಕ್ಕಳನ್ನು ದುಭಾಷಿಯಾಗಿ ಬಳಸುವ ಹಾಗಿಲ್ಲ, ತುರ್ತು ಪರಿಸ್ಥಿತಿ ಬಿಟ್ಟು, ಅಂತ 2016ರ ನಿಯಮ ಹೇಳಿತು. ಚಕ್ರದ ಸ್ಟ್ಯಾಂಡಿನ ಮೇಲೆ ಟ್ಯಾಬ್ಲೆಟ್ ತಳ್ಳಿಕೊಂಡು ಬರುತ್ತಾರೆ, ಪರದೆಯಲ್ಲಿ ದುಭಾಷಿ ಕಾಣುತ್ತಾರೆ. ಆದರೂ ಔಷಧಿ ಅಂಗಡಿಯ ಕೌಂಟರಿನಲ್ಲಿ ಹತ್ತು ವರ್ಷದ ಹುಡುಗಿ ತಾಯಿಯ ಗರ್ಭಕೋಶದ ತೊಂದರೆಯನ್ನು ಇಂಗ್ಲಿಷಿಗೆ ತರಲು ಒದ್ದಾಡುವುದನ್ನು ನಾನು ಕಂಡಿದ್ದೇನೆ. ತಾಯಿಗೆ ನಾಚಿಕೆ, ಮಗುವಿಗೆ ಭಯ. ಕಾನೂನು ಇದ್ದ ಮಾತ್ರಕ್ಕೆ ಎಲ್ಲ ಕಡೆ ತಲುಪುವುದಿಲ್ಲ. ಮೆಕ್ಸಿಕೊದ ಒಹಾಕಾ ರಾಜ್ಯದಿಂದ ಬಂದ ಎಷ್ಟೋ ಕೂಲಿಕಾರರ ಮನೆಮಾತು ಸ್ಪ್ಯಾನಿಷ್ ಅಲ್ಲ, ಅಲ್ಲಿನ ಮೂಲನಿವಾಸಿಗಳ ಭಾಷೆ ಮಿಸ್ಟೆಕೊ. ಸ್ಪ್ಯಾನಿಷ್ ದುಭಾಷಿ ಕರೆಸಿದರೆ ಅವರು ಸುಮ್ನೆ ತಲೆ ಆಡಿಸುತ್ತಾರೆ. ಲ್ಯಾಟಿನೊ ಅಂತ ಒಂದೇ ಖಾನೆ ತುಂಬಿದರೆ ಇವರು ಕಾಣುವುದೇ ಇಲ್ಲ. ನಮ್ಮದೂ ಅದೇ ಕತೆ: ಏಷ್ಯನ್ ಅನ್ನುವ ಒಂದೇ ಖಾನೆಯಲ್ಲಿ ಭಾರತೀಯರ ಸಕ್ಕರೆ ಕಾಯಿಲೆ ಬಹಳ ಕಾಲ ಅಡಗಿತ್ತು. ತೆಳ್ಳಗಿದ್ದರೂ ನಮಗೆ ಬೇಗ ಬರುತ್ತದೆ ಅಂತ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23 ಮುಟ್ಟಿದ ಏಷ್ಯನ್ನರಿಗೆ ಪರೀಕ್ಷೆ ಮಾಡಿ ಅಂತ ಇಲ್ಲಿನ ಮಧುಮೇಹ ಸಂಘ ಹೇಳಿದ್ದು 2015ರಲ್ಲಿ.

ಕರ್ನಾಟಕದಲ್ಲಿ ಹೇಗಿದೆ? ಬೆಂಗಳೂರಿನಲ್ಲಿ ಕಟ್ಟಡ ಕಟ್ಟುವ ಒಡಿಶಾದ ಕೂಲಿಯವನು ಆಸ್ಪತ್ರೆಗೆ ಹೋದರೆ, ಜೊತೆಗೆ ಯಾರಾದರೂ ಇದ್ದಾರಾ ಅಂತ ಕೇಳುತ್ತಾರೆ. ಇಲ್ಲ ಅಂದರೆ ಆಯಾ, ಇಲ್ಲವೇ ಗೇಟಿನ ಸೆಕ್ಯುರಿಟಿಯವರು ದುಭಾಷಿ. ತಾಂಡಾದಿಂದ ಬಂದ ಲಂಬಾಣಿ ಅಜ್ಜಿಗೂ ಮೊಮ್ಮಗನೇ ಗತಿ. ಯಾದಗಿರಿ, ಕೊಪ್ಪಳದ ಕಡೆಯಿಂದ ಗೋವಾಕ್ಕೆ ಕೂಲಿಗೆ ಹೋದ ನಮ್ಮವರು ಅಲ್ಲಿ ಇದೇ ಪಾಡು ಪಡುತ್ತಾರೆ. ಬ್ಯಾಂಕಿನಲ್ಲಿ ಕನ್ನಡ ಬೇಕು ಅಂತ ನಾವು ಕೇಳುತ್ತೇವೆ, ಕೇಳಲೇಬೇಕು. ಹೊಟ್ಟೆನೋವು ಅಂತ ಬಂದ ಪರಭಾಷೆಯವನಿಗೆ ನಮ್ಮ ಆಸ್ಪತ್ರೆಯಲ್ಲಿ ಅದೇ ನ್ಯಾಯ ಸಿಗಬೇಡವೇ?

ಅಮೆರಿಕಾ ಈಗ ಹಿಂದಕ್ಕೆ ಹೆಜ್ಜೆ ಇಡುತ್ತಿದೆ. ಸರ್ಕಾರಿ ಸೇವೆಗಳಲ್ಲಿ ಭಾಷಾ ನೆರವು ಇರಲಿ ಎಂದು 2000ದಲ್ಲಿ ಹೊರಡಿಸಿದ್ದ ಆದೇಶವನ್ನು 2025ರ ಮಾರ್ಚಿನಲ್ಲಿ ಅಧ್ಯಕ್ಷರು ರದ್ದು ಮಾಡಿದರು. ಕ್ಯಾಲಿಫೋರ್ನಿಯಾ ಹಂತ ಹಂತವಾಗಿ, ಮೊದಲು ಮಕ್ಕಳಿಗೆ, ಕೊನೆಗೆ 2024ರಲ್ಲಿ ಎಲ್ಲ ವಯಸ್ಸಿನವರಿಗೆ, ವಲಸೆ ಕಾಗದ ಕೇಳದೆ ಮೆಡಿ-ಕ್ಯಾಲ್ ಕೊಟ್ಟಿತ್ತು. 2026ರ ಜನವರಿಯಿಂದ ಕಾಗದವಿಲ್ಲದ ವಯಸ್ಕರ ಹೊಸ ಸೇರ್ಪಡೆ ನಿಂತಿದೆ. ಮೆಡಿಕೇಡ್ (ಮೆಡಿ-ಕ್ಯಾಲ್ ಇದರದ್ದೇ ಕ್ಯಾಲಿಫೋರ್ನಿಯಾ ರೂಪ) ಪಟ್ಟಿಯ ಮಾಹಿತಿಯನ್ನು ಗಡೀಪಾರು ಮಾಡುವ ಇಲಾಖೆಗೆ ಕೊಟ್ಟ ಸುದ್ದಿ ಬಂದ ಮೇಲೆ ಜನ ಕ್ಲಿನಿಕ್ ಕಡೆ ಬರಲು ಹೆದರುತ್ತಾರೆ. ಅವರ ಬಾಗಿಲು ತಟ್ಟಿದರೆ ತೆರೆಯುವುದು ಪರಿಚಯದ ಮುಖಕ್ಕೆ ಮಾತ್ರ.

ಇಲ್ಲಿನ ಕನ್ನಡ ಕೂಟಗಳು ದೇವಸ್ಥಾನದಲ್ಲಿ ಆರೋಗ್ಯ ಶಿಬಿರ ಮಾಡುತ್ತವೆ. ನಮ್ಮಲ್ಲಿ ಡಾಕ್ಟರುಗಳಿಗೆ ಬರವಿಲ್ಲ. ಅವರಲ್ಲಿ ನಾಲ್ಕು ಜನ ತಿಂಗಳಿಗೊಂದು ಭಾನುವಾರ ಪ್ರೊಮೊತೋರಾಗಳ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರಲಿ, ಅವಳು ಹೇಳಿದಂತೆ ನಡೆಯಲಿ. ಊರಿನಲ್ಲಿ ಸರ್ಕಾರ ಆಶಾಗಳಿಗೆ ಸಂಬಳ, ಪಿಂಚಣಿ ಗೊತ್ತುಮಾಡಲಿ. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ, ಆ ಜಿಲ್ಲೆಗೆ ಬರುವ ರೋಗಿಗಳ ಭಾಷೆ ಬಲ್ಲ ಇಬ್ಬರನ್ನಾದರೂ ಸಂಬಳಕ್ಕೆ ನೇಮಿಸಲಿ. ಕಲಬುರಗಿಯಲ್ಲಿ ಲಂಬಾಣಿಯಿಂದಲೇ ಶುರು ಮಾಡಬಹುದು, ತಾಂಡಾಗಳಲ್ಲಿ ಓದಿ ಕೆಲಸ ಹುಡುಕುತ್ತಿರುವ ಹೆಣ್ಣುಮಕ್ಕಳು ಬೇಕಾದಷ್ಟು ಇದ್ದಾರೆ.