ಮುಖಕ್ಕೆ ಆಮ್ಲ ಹಚ್ಚುವ ಮುನ್ನ ಒಂದು ಮಾತು ಕೇಳಬಾರದೇ?

ಮುಖಕ್ಕೆ ಆಮ್ಲ ಹಚ್ಚುವವರು ಅದಕ್ಕೆ ಮುನ್ನ ಒಂದೇ ಒಂದು ಪ್ರಶ್ನೆಯನ್ನೂ ಕೇಳದಿರುವುದನ್ನು ನಿನ್ನೆ ಕಣ್ಣಾರೆ ಕಂಡು ಬಂದಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಅಕ್ಕನ ಮಗಳ ಮದುವೆ ಹತ್ತಿರ ಬಂದಿರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಅವಳೊಂದಿಗೆ ರಾಜಾಜಿನಗರದ ಒಂದು ಪಾರ್ಲರಿಗೆ ಹೋಗಿದ್ದೆ. ಮದುಮಗಳ ಪ್ಯಾಕೇಜಿನಲ್ಲಿ ಕೆಮಿಕಲ್ ಪೀಲ್, ಅಂದರೆ ಆಮ್ಲ ಹಚ್ಚಿ ಚರ್ಮದ ಮೇಲ್ಪದರ ಕಳಚುವುದು, ಕೂಡ ಸೇರಿತ್ತು. ಏನು ಹಚ್ಚುತ್ತೀರಿ ಎಂದರೆ, "ಫ್ರೂಟ್ ಪೀಲ್ ಮೇಡಂ, ನ್ಯಾಚುರಲ್, ಏನೂ ಆಗಲ್ಲ" ಎಂದರು. ಬಾಟಲಿ ತೆಗೆದು ನೋಡಿದೆ. ಗ್ಲೈಕಾಲಿಕ್ ಆಮ್ಲ ಎಂದಿತ್ತು. ಶೇಕಡ ಎಷ್ಟು, ಪಿಎಚ್ (ಆಮ್ಲೀಯತೆಯ ಅಳತೆ; ಅಂಕಿ ತಗ್ಗಿದಷ್ಟೂ ಆಮ್ಲ ತೀಕ್ಷ್ಣ) ಎಷ್ಟು ಎಂಬುದು ಎಲ್ಲಿಯೂ ಇರಲಿಲ್ಲ.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ನನಗೆ ಇದು ಸಣ್ಣ ಲೋಪವಾಗಿ ಕಾಣುವುದಿಲ್ಲ. ಗ್ಲೈಕಾಲಿಕ್ ಆಮ್ಲ ಕಬ್ಬಿನಲ್ಲಿಯೂ ಇದೆ, ನಿಜ. ಆದರೆ ಶೇಕಡ 10ರ ದ್ರಾವಣವೇ ಬೇರೆ, ಶೇಕಡ 70ರದ್ದೇ ಬೇರೆ. ಪ್ರಮಾಣ ಒಂದೇ ಇದ್ದರೂ ಪಿಎಚ್ ತಗ್ಗಿದಷ್ಟೂ ಅದು ಚರ್ಮದೊಳಕ್ಕೆ ಹೆಚ್ಚು ಇಳಿಯುತ್ತದೆ. ಅಮೆರಿಕದ ಸೌಂದರ್ಯವರ್ಧಕ ತಜ್ಞರ ಸಮಿತಿಯು 1998ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮನೆಬಳಕೆಗೆ ಶೇಕಡ 10ನ್ನು ಮೀರಬಾರದು, ಪಿಎಚ್ 3.5ಕ್ಕಿಂತ ಕಡಿಮೆ ಇರಬಾರದು ಎಂದಿತ್ತು. ತರಬೇತಿ ಪಡೆದವರು ಸಲೂನಿನಲ್ಲಿ ಬಳಸುವುದಕ್ಕೂ ಶೇಕಡ 30, ಪಿಎಚ್ 3.0 ಎಂಬ ಮಿತಿ ಹಾಕಿತ್ತು.

ಹಚ್ಚಿದ ಬಗೆಯನ್ನಂತೂ ಹೇಳಲೇಬೇಕು. ಆಮ್ಲ ಹರಿದು ನಿಲ್ಲುವ ಮೂಗಿನ ಸಂದಿಗೆ, ಕಣ್ಣಿನ ಮತ್ತು ತುಟಿಯ ಮೂಲೆಗಳಿಗೆ ಮೊದಲು ವ್ಯಾಸಲೀನ್ ಸವರಬೇಕು, ಸವರಲಿಲ್ಲ. ಬ್ರಷ್ಷಿನಿಂದ ಬಳಿದ ಹುಡುಗಿ ಪಕ್ಕದ ಕುರ್ಚಿಯವರಿಗೆ ಥ್ರೆಡಿಂಗ್ ಮಾಡಲು ಹೊರಟುಹೋದಳು. ಗ್ಲೈಕಾಲಿಕ್ ಆಮ್ಲ ತಾನಾಗಿ ನಿಲ್ಲುವಂಥದ್ದಲ್ಲ. ಗಡಿಯಾರವನ್ನೂ ಚರ್ಮದ ಕೆಂಪನ್ನೂ ನೋಡುತ್ತಿದ್ದು, ಅಡುಗೆ ಸೋಡಾದ ದ್ರಾವಣದಿಂದಲೋ ಧಾರಾಳ ನೀರಿನಿಂದಲೋ ಅದನ್ನು ನಿಲ್ಲಿಸಬೇಕು. "ಚಿಕ್ಕಮ್ಮ, ಉರೀತಿದೆ" ಎಂದು ಮಗು ನನ್ನ ಕೈ ಹಿಡಿದುಕೊಂಡಳು. "ಉರಿದ್ರೇನೇ ಕೆಲಸ ಮಾಡ್ತಿದೆ ಅಂತ ಅರ್ಥ" ಎಂಬ ಉತ್ತರ ಆ ಕಡೆಯಿಂದ ಬಂತು. ನಾನೇ ಎಬ್ಬಿಸಿ ಮುಖ ತೊಳೆಸಿದೆ.

ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದೀಯಾ, ಮೆಡಿಕಲ್ ಶಾಪಿನಿಂದ ತಂದ ಸ್ಟೀರಾಯ್ಡ್ ಕ್ರೀಮ್ ಹಚ್ಚುತ್ತಿದ್ದೀಯಾ, ತುಟಿಯ ಬಳಿ ಹರ್ಪಿಸ್ ಗುಳ್ಳೆ ಏಳುತ್ತದೆಯೇ, ದಿನವೂ ಸ್ಕೂಟರಿನಲ್ಲಿ ಬಿಸಿಲಿಗೆ ಓಡಾಡುತ್ತೀಯಾ? ಇಷ್ಟು ಕೇಳಲು ಎರಡು ನಿಮಿಷ ಸಾಕಿತ್ತು. ಕೇಳಲಿಲ್ಲ.

ನಮ್ಮ ಮೈಬಣ್ಣದವರಿಗೆ ಈ ಪ್ರಶ್ನೆಗಳು ಇನ್ನೂ ಮುಖ್ಯ. ಫಿಟ್ಜ್‌ಪ್ಯಾಟ್ರಿಕ್ ಅವರ ಚರ್ಮದ ವರ್ಗೀಕರಣದಲ್ಲಿ (ತೀರ ಬಿಳಿ ಮೊದಲನೆಯ ಬಗೆ, ತೀರ ಕಪ್ಪು ಆರನೆಯದು) ನಮ್ಮಲ್ಲಿ ಹೆಚ್ಚಿನವರು ನಾಲ್ಕನೆಯ ಅಥವಾ ಐದನೆಯ ಬಗೆಗೆ ಸೇರುತ್ತೇವೆ. ಇಂಥ ಚರ್ಮ ಸುಟ್ಟರೆ ಉರಿಯೂತವಾಗಿ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೆಚ್ಚಾಗಿ, ಆ ಜಾಗದಲ್ಲಿ ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಳಿಯುತ್ತದೆ. ಅದಕ್ಕೇ ಚರ್ಮವೈದ್ಯರು ಎರಡು ವಾರದಷ್ಟು ಮೊದಲೇ ಕ್ರೀಮು, ಸನ್‌ಸ್ಕ್ರೀನ್ ಕೊಟ್ಟು ಚರ್ಮವನ್ನು ಸಿದ್ಧಪಡಿಸಿ, ಕಡಿಮೆ ಪ್ರಮಾಣದಿಂದ ಆರಂಭಿಸುತ್ತಾರೆ. ಬೆಂಗಳೂರಿನ ಗಾಳಿ ತಂಪಾಗಿದೆಯೆಂದು ಬಿಸಿಲನ್ನು ಹಗುರವಾಗಿ ನೋಡುವಂತಿಲ್ಲ. 900 ಮೀಟರಿಗೂ ಎತ್ತರದ ಊರಿದು, ಮೋಡದ ದಿನವೂ ಅತಿನೇರಳೆ ಕಿರಣ ಮುಖಕ್ಕೆ ಬಡಿಯುತ್ತದೆ.

ಪೀಲ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸತ್ತ ಕೋಶಗಳ ನಡುವಿನ ಹಿಡಿತವನ್ನು ಸಡಿಲಿಸಿ ಮೇಲ್ಪದರವನ್ನು ಕಳಚುವುದರಿಂದ ಚರ್ಮ ನಯವಾಗುತ್ತದೆ, ಮೊಡವೆಯ ಕಲೆ ತಿಳಿಯಾಗುತ್ತದೆ. ಹುಟ್ಟಿನಿಂದ ಬಂದ ಬಣ್ಣವನ್ನು ಅದು ಬದಲಿಸುವುದಿಲ್ಲ. ಬದಲಿಸುತ್ತದೆಂದು ಮದುಮಗಳಿಗೆ ನಂಬಿಸುವುದು ಅನ್ಯಾಯ.

ಚರ್ಮವೈದ್ಯರ ಫೀಸು ಎಲ್ಲರ ಕೈಗೆಟುಕುವುದಿಲ್ಲ, ಪಾರ್ಲರಿನ ಹುಡುಗಿಯರದು ಪಳಗಿದ ಕೈ ಎಂದು ಅಕ್ಕನೇ ವಾದಿಸಿದಳು. ಸರ್ಕಾರಿ ಆಸ್ಪತ್ರೆಗಳಾದ ವಿಕ್ಟೋರಿಯಾದಲ್ಲಿಯೂ ಬೌರಿಂಗ್‌ನಲ್ಲಿಯೂ ಚರ್ಮರೋಗ ವಿಭಾಗವಿದೆ. ಒಂದು ಬೆಳಿಗ್ಗೆ ಸಾಲಿನಲ್ಲಿ ನಿಂತರೆ ಆ ಪ್ಯಾಕೇಜಿನ ದುಡ್ಡಿನ ಒಂದು ಪಾಲೂ ಖರ್ಚಾಗುವುದಿಲ್ಲ. ಕೈ ಪಳಗಿದ್ದರೂ ಬಾಟಲಿಯಲ್ಲಿ ಏನಿದೆಯೆಂದು ಗೊತ್ತಿಲ್ಲದಿದ್ದರೆ ಏನು ಪ್ರಯೋಜನ? ಆ ಹುಡುಗಿಗೂ ಯಾರೂ ಹೇಳಿಕೊಟ್ಟಿಲ್ಲ, ನನ್ನ ಸಿಟ್ಟು ಅವಳ ಮೇಲಲ್ಲ. ಪ್ರಮಾಣವನ್ನೇ ನಮೂದಿಸದ ಆಮ್ಲವನ್ನು ಅವಳ ಕೈಗಿಟ್ಟು ಗಲ್ಲಾಪೆಟ್ಟಿಗೆಯ ಬಳಿ ಕುಳಿತ ಮಾಲೀಕರ ಮೇಲೆ.

ಮಗುವಿನ ಎಡಗೆನ್ನೆ ಇಂದೂ ಕೆಂಪಗಿದೆ. ಸೋಮವಾರ ವೈದ್ಯರಿಗೆ ತೋರಿಸುತ್ತೇವೆ. ಅಲ್ಲಿಯವರೆಗೆ ಸ್ಕ್ರಬ್ ಇಲ್ಲ, ಬ್ಲೀಚ್ ಇಲ್ಲ, ಅರಿಶಿನ ಕಡಲೆಹಿಟ್ಟೂ ಇಲ್ಲ ಎಂದು ಅಕ್ಕನಿಗೆ ಖಡಾಖಂಡಿತವಾಗಿ ಹೇಳಿದ್ದೇನೆ.