ಅಂಕಿ ಬದಲಾಯಿಸಿದರೆ ಚಿತ್ರ ಹಿಗ್ಗುವುದಿಲ್ಲ

ಡಿಜಿಟಲ್ ಚಿತ್ರವನ್ನು ದೊಡ್ಡದಾಗಿ ಮುದ್ರಿಸುವ ಮುನ್ನ ಡಿಪಿಐಯನ್ನು (ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಎಂಬ ಅಂಕಿಯನ್ನು) 300ಕ್ಕೆ ಬದಲಾಯಿಸಿದರೆ ಸಾಕೆಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಕಾಸರಗೋಡಿನಲ್ಲಿ ಯಕ್ಷಗಾನದ ವೇಷಗಳನ್ನು ಟ್ಯಾಬ್ಲೆಟ್ಟಿನಲ್ಲಿ ಬಿಡಿಸಿ ಮುದ್ರಣಕ್ಕೆ ಕೊಡುವ ನನಗೆ ಈ ಮಾತು ಅಪೂರ್ಣವೆನಿಸುತ್ತದೆ. ಪಿಕ್ಸೆಲ್‌ಗಳ (ಚಿತ್ರವನ್ನು ರೂಪಿಸುವ ಬಣ್ಣದ ಚುಕ್ಕೆಗಳ) ಸಂಖ್ಯೆ ಹಾಗೆಯೇ ಉಳಿದರೆ, ಅಂಕಿ ಬದಲಾದ ಮಾತ್ರಕ್ಕೆ ಹೊಸ ವಿವರವೇನೂ ಸೇರುವುದಿಲ್ಲ. 24×36 ಇಂಚಿನ ಮುದ್ರಣಕ್ಕೆ 300ರ ಲೆಕ್ಕದಲ್ಲಿ 7200×10800 ಪಿಕ್ಸೆಲ್ ಬೇಕು. ಗೋಡೆಗೆ ತೂಗುಹಾಕಿ ನಾಲ್ಕೈದು ಅಡಿ ದೂರದಿಂದ ನೋಡುವ ಚಿತ್ರಕ್ಕಾದರೆ 150, ಅಂದರೆ 3600×5400, ಧಾರಾಳವಾಗಿ ಸಾಕು.

ಅಕ್ಕಪಕ್ಕದ ಪಿಕ್ಸೆಲ್ ಬಣ್ಣಗಳ ಲೆಕ್ಕದಿಂದ ಹೊಸ ಪಿಕ್ಸೆಲ್ ತುಂಬುವ ಬೈಕ್ಯೂಬಿಕ್ ವಿಧಾನದಲ್ಲಿ ಎರಡು ಪಟ್ಟು ಹಿಗ್ಗಿಸಿದಾಗ ಅಂಚುಗಳು ತುಸು ಮಸುಕಾದರೂ ಕಲಾವಿದ ಎಳೆದ ಗೆರೆ ಗೆರೆಯಾಗಿಯೇ ಉಳಿಯುತ್ತದೆ. ಚಿತ್ರಗಳನ್ನು ಹಿಗ್ಗಿಸುವ ಕೃತಕ ಬುದ್ಧಿಮತ್ತೆಯ ಅಪ್‌ಸ್ಕೇಲರ್‌ಗಳಾದರೋ ಇಲ್ಲದ ವಿವರವನ್ನು ಊಹಿಸಿ ತುಂಬುವುದರಿಂದ, ಕಿರೀಟದ ಕುಸುರಿಯೂ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದ ಮೇಲೆ ಇಡುವ ಬಿಳಿ ಚುಟ್ಟಿಯ ಸಾಲುಗಳೂ ಬೇರೆಯೇ ಆಗಿಬಿಡಬಹುದು. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಮುಖವರ್ಣಿಕೆಯನ್ನು ಬಲ್ಲವರ ಕಣ್ಣಿಗೆ ಇದು ಸಣ್ಣ ದೋಷವಲ್ಲ. ಹೀಗಾಗಿ ಮುದ್ರಣದ ಅಳತೆಯನ್ನು ನಿಶ್ಚಯಿಸಿಕೊಂಡು ಮೊದಲಿನಿಂದಲೇ ಆ ಗಾತ್ರದ ಕ್ಯಾನ್ವಾಸಿನಲ್ಲಿ ಬಿಡಿಸುವುದು ಉತ್ತಮ. ಹಳೆಯ ಚಿತ್ರವನ್ನು ಹಿಗ್ಗಿಸಲೇಬೇಕಾದರೆ ಕಡತ ಕುಗ್ಗಿಸಲು ವಿವರ ಕಳೆದುಕೊಂಡಿರುವ ಜೆಪೆಗ್ ಪ್ರತಿಯನ್ನು ಬಿಟ್ಟು ಮೂಲ ಕಡತದಿಂದಲೇ ಆರಂಭಿಸಿ, ಹಿಗ್ಗಿಸಿದ ನಂತರವಷ್ಟೇ ಶಾರ್ಪನ್ ಮಾಡಿ (ಅಂಚುಗಳನ್ನು ಸ್ಪಷ್ಟಗೊಳಿಸಿ), ಪೂರ್ಣ ಮುದ್ರಣಕ್ಕೆ ಮುನ್ನ ಮುಖದ ಭಾಗವೊಂದನ್ನು ನಿಜವಾದ ಅಳತೆಯಲ್ಲಿ ಮುದ್ರಿಸಿ ನೋಡಬೇಕು.